ಯಾರೂ ಕೇಳದ ಪ್ರಶ್ನೆಗೆ ಒಂದು "ಇಲ್ಲ"

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆಯನ್ನು ಎಲ್ಲರೂ ರಿಜಿಸ್ಟರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತಿರಬೇಕು. ನಲವತ್ತಾರನೆಯ ವಯಸ್ಸಿನಲ್ಲಿ, ಮೊಣಕಾಲು ನೋವಿಟ್ಟುಕೊಂಡು, ಸಂಜೆಯ ತರಗತಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿತ ಗಟ್ಟಿಗಿತ್ತಿ. ಪ್ರೋಗ್ರಾಮಿನಲ್ಲಿ ಕ್ಲಾಸ್ ಎಂದರೆ ಒಂದೇ ಥರದವನ್ನು ಎರೆದು ತೆಗೆಯುವ ಅಚ್ಚು ಎಂಬುದು ಮೊದಲ ವಾರವೇ ತಲೆಗೆ ಹತ್ತಿತು. ಕನ್‌ಸ್ಟ್ರಕ್ಟರ್ ಮಾತ್ರ ಒಂದು ತಿಂಗಳು ಸತಾಯಿಸಿತು. ಕೊನೆಗೆ ಮೇಷ್ಟರಿಗೇ ಪಾಠ ಹೇಳಿದಳು.

"ಗೊತ್ತಾಯ್ತು ಬಿಡಿ ಸಾರ್. ಹೆರಿಗೆ ವಾರ್ಡಲ್ಲಿ ಮಗು ಹುಟ್ಟಿದ ಕೂಡ್ಲೇ ಕೈಗೆ ಗುರುತಿನ ಪಟ್ಟಿ ಕಟ್ತಾರಲ್ಲ, ಅದೇ ಇದು. ಅಚ್ಚಿಂದ ಹೊಸದೊಂದು ಹುಟ್ಟೋ ಹೊತ್ತಿಗೆ ತಾನಾಗೇ ಓಡಿ ಮೊದಲ ವಿವರ ತುಂಬುತ್ತೆ."

ಆಸ್ಪತ್ರೆಯ ದಾಖಲಾತಿ ಪ್ರೋಗ್ರಾಂ ಬರೆದವಳೂ ಅವಳೇ. ಹೊಸದರಲ್ಲಿ ನರ್ಸ್‌ಗಳು ಅವಳ ದುಂಬಾಲು ಬಿದ್ದರು. ತಳ್ಳುಗಾಡಿಯ ಮೇಲೆ ರೋಗಿ ಒದ್ದಾಡುತ್ತಿರುವಾಗ ಫಾರಂ ಮಾತ್ರ "ಅಲರ್ಜಿ ತುಂಬಿ" ಎಂದು ಹಟ ಹಿಡಿದು ಕೂರುತ್ತದಂತೆ. ಇವಳಿಗೆ ಪಾಪ ಅನ್ನಿಸಿತು. ಕನ್‌ಸ್ಟ್ರಕ್ಟರಿನಲ್ಲಿ ಒಂದು ಸಾಲು ಸೇರಿಸಿದಳು: ಯಾರೂ ಏನೂ ಹೇಳದಿದ್ದರೆ ಔಷಧಿ ಅಲರ್ಜಿ "ಇಲ್ಲ". ಫಾರಂ ಬಾಯಿ ಮುಚ್ಚಿತು. ಎರಡು ವರ್ಷ ಹೊಗಳಿಕೆಯೋ ಹೊಗಳಿಕೆ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅವಳ ಒಡಹುಟ್ಟಿದ ಅಕ್ಕ ಜ್ವರದಿಂದ ಬಸ್ ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. ಯಾರೋ ಪುಣ್ಯಾತ್ಮರು ಇದೇ ಆಸ್ಪತ್ರೆಗೆ ತಂದು ಸೇರಿಸಿದರು. ಸುದ್ದಿ ಕೇಳಿ ಇವಳು ಓಡಿ ಬಂದಾಗ ನರ್ಸ್ ಸಿರಿಂಜಿನ ಗಾಳಿ ತೆಗೆಯುತ್ತಿದ್ದಳು.

"ಏನದು ಔಷಧಿ?"

"ಪೆನಿಸಿಲಿನ್."

"ಅಯ್ಯಯ್ಯೋ, ಬೇಡ! ಚಿಕ್ಕವಳಿದ್ದಾಗ ಅದನ್ನ ಕೊಟ್ಟು ಉಸಿರೇ ನಿಂತುಹೋಗಿತ್ತು ಇವಳಿಗೆ!"

ನರ್ಸ್ ಬೆಚ್ಚಿ ಕೈ ಹಿಂದೆಗೆದಳು. "ಚೀಟೀಲಿ ಅಲರ್ಜಿ ಇಲ್ಲ ಅಂತಿದೆಯಲ್ಲ?"

"ಅವಳು ಹೇಳಿದ್ಲಾ?"

"ಪ್ರಜ್ಞೆ ಎಲ್ಲಿತ್ತಕ್ಕಾ ಹೇಳೋಕೆ? ನಾವೂ ಕೇಳ್ಲಿಲ್ಲ. ಕಂಪ್ಯೂಟರೇ ಹಾಕ್ಕೊಳ್ತು."

ಕಂಪ್ಯೂಟರೇ! ಕಪಾಳಕ್ಕೆ ಬಿಗಿದ ಹಾಗಾಯಿತು. ಕಂಪ್ಯೂಟರಿಗೆ ಎಲ್ಲಿಯ ಬಾಯಿ? ಆ "ಇಲ್ಲ" ತನ್ನದೇ. ಸ್ವಂತ ಅಕ್ಕನ ಸಾವನ್ನು ಎರಡು ವರ್ಷದ ಹಿಂದೆಯೇ ಬರೆದಿಟ್ಟಿದ್ದಳು, ಅದೂ ಶಹಬ್ಬಾಸ್ ಅನ್ನಿಸಿಕೊಂಡು.

ಡಾಕ್ಟರು ಬೇರೆ ಔಷಧಿ ಬರೆದರು. ಅವಳು ಕೋಣೆಗೆ ಮರಳಿ ಆ ಸಾಲನ್ನು ಅಳಿಸಿದಳು. ಉತ್ತರ ಕೊಡದೆ ಇನ್ನು ದಾಖಲೆ ಹುಟ್ಟುವಂತೆಯೇ ಇಲ್ಲ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಬೇಕು. ಹತ್ತು ನಿಮಿಷದ ಕೆಲಸ. ಉಸ್ಸೆಂದು ಕೂರುವಷ್ಟರಲ್ಲಿ ಇನ್ನೊಂದು ಹೊಳೆಯಿತು. ತಿದ್ದಿದ್ದು ಇನ್ನು ಮುಂದೆ ಹುಟ್ಟುವವಕ್ಕೆ. ಆಗಲೇ ಹುಟ್ಟಿದವುಗಳ ಗತಿ? ಹುಡುಕಿದಳು. ಹನ್ನೊಂದು ಸಾವಿರ "ಇಲ್ಲ". ಕೇಳಿ ಬರೆದದ್ದು ಯಾವುದು, ಕೇಳದೆ ತಾನಾಗಿ ಬಂದದ್ದು ಯಾವುದು, ದೇವರೇ ಬಂದರೂ ಹೇಳಲಾರ.

ಕಾಗದ ಪೆನ್ನು ಹಿಡಿದು ಮತ್ತೆ ವಾರ್ಡಿಗೆ ಓಡಿದಳು. ಮೊದಲ ಹಾಸಿಗೆಯಲ್ಲಿ ಒಬ್ಬ ಮುದುಕ ದಿಂಬಿಗೊರಗಿ ಕೂತಿದ್ದ. ಅವನ ಚೀಟಿಯಲ್ಲೂ "ಇಲ್ಲ".

"ಅಜ್ಜಾ, ಯಾವುದಾದ್ರೂ ಔಷಧಿ ನಿಮ್ಮ ಮೈಗೆ ಆಗಲ್ವಾ?"

"ಎರಡು ಆಗಲ್ಲ ತಾಯಿ," ಎಂದು ಮುದುಕ ಬೆರಳು ಮಡಚಿದ. "ನಾನು ಇಲ್ಲಿಗೆ ಬಂದು ಒಂಬತ್ತು ದಿನ ಆಯ್ತು. ಯಾರಾದ್ರೂ ಕೇಳಿದ್ದು ಇವತ್ತೇ ಮೊದಲು."