ಗಿಡ್ಡ ತೋಟೆಗೆ ಉದ್ದದ ಪ್ರೆಸ್

ಕುಮಟಾದಲ್ಲಿ ನನ್ನದು ಲೇತ್ ಅಂಗಡಿ. ದೋಣಿ ಎಂಜಿನ್ನಿನ ಶಾಫ್ಟಿನಿಂದ ಗೇಟಿನ ತಿರುಗಣಿವರೆಗೆ ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ಹಾಗಾಗಿ ಕಾಗಾಲದ ಮಾಸ್ತರರೊಬ್ಬರು, "ಕೋವಿಯ ತೋಟೆಗೆ ಮದ್ದು-ಗುಂಡು ತುಂಬುವ ಪ್ರೆಸ್ ಒಂದಿದೆ, ಗಿಡ್ಡ ತೋಟೆಗೆ ಹೊಂದುತ್ತಿಲ್ಲ" ಎಂದು ಕರೆದಾಗ ಧೈರ್ಯವಾಗಿಯೇ ಹೋದೆ.

ಪ್ರೆಸ್ಸನ್ನು ಜಗಲಿಯ ಮೇಜಿಗೆ ಬಿಗಿದಿದ್ದರು. ಖಾಲಿ ತೋಟೆ ಇಟ್ಟು ಹಿಡಿಕೆ ಎಳೆದೆ. ಮೇಲಿನ ಅಚ್ಚು ತೋಟೆಯ ಬಾಯಿಗೆ ತಾಗುವ ಮೊದಲೇ ನಿಂತುಬಿಟ್ಟಿತು.

"ಮಾಸ್ತರೇ, ಅಚ್ಚು ಹೊತ್ತ ಈ ಕಂಬ ಕತ್ತರಿಸಿ ಗಿಡ್ಡ ಮಾಡುವ," ಎಂದೆ.

"ಕತ್ತರಿಸಿದ್ರೆ ಉದ್ದದ ತೋಟೆಗೆ ಎಂತ ಮಾಡೂದು?" ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕೇಳಿದರು. "ತೋಟೆಯನ್ನೇ ಎತ್ತರಿಸಿ. ಕೆಳಗೆ ಒಂದು ಬಿಲ್ಲೆ ಇಟ್ರೆ ಆತು."

ನಾನು ಕೇಳಿಸದವನಂತೆ ಮಾಸ್ತರರತ್ತಲೇ ತಿರುಗಿ, "ನಿಮ್ಮ ಹತ್ರ ಲೈಸೆನ್ಸ್ ಉಂಟಲ್ಲ?" ಎಂದೆ.

ಅವರು ನಕ್ಕರು. "ನಂಗೆ ಎಂತ ಕೇಳ್ತ್ರಿ? ಕೋವಿ, ಲೈಸೆನ್ಸ್ ಎಲ್ಲ ಅವಳದ್ದು. ಗದ್ದೆಗೆ ಹಂದಿ ಬಂದ್ರೆ ನಾ ಬ್ಯಾಟರಿ ಹಿಡಿಯೂದಷ್ಟೇ."

ಬಾಗಿಲಲ್ಲಿದ್ದ ಅಕ್ಕ ಒಳಗಿನಿಂದ ಲೈಸೆನ್ಸ್ ಪುಸ್ತಕ ತಂದು ಮುಂದಿಟ್ಟರು. ಮನೆಯಲ್ಲಿ ತೋಟೆ ತುಂಬಲು ಪಡೆದ ಅನುಮತಿಯೂ ಜತೆಗಿತ್ತು. ನನ್ನ ಕಿವಿ ಬಿಸಿಯಾಯಿತು.

ಮರುದಿನ ಹಿತ್ತಾಳೆಯ ಬಿಲ್ಲೆಯೊಂದನ್ನು ಕಡೆದು ತಂದು ತೋಟೆಯ ಕೆಳಗಿಟ್ಟೆ. ಅಕ್ಕನೇ ಹಿಡಿಕೆ ಎಳೆದರು. ಖಾಲಿ ತೋಟೆಯ ಬಾಯಿ ಮೊಗ್ಗಿನಂತೆ ಮಡಚಿಕೊಂಡಿತು. "ಆತು ನೋಡಿ," ಎಂದರು, ಅಷ್ಟೇ.

ಅಂದಿನಿಂದ ಗಂಡ ಹೆಂಡತಿ ಒಟ್ಟಿಗೆ ಅಂಗಡಿಗೆ ಬಂದರೆ, ಯಂತ್ರ ಯಾರದ್ದೆಂದು ಮೊದಲು ಕೇಳುತ್ತೇನೆ. ಮೊನ್ನೆ ನಮ್ಮ ಮನೆಯ ಮಿಕ್ಸರ್ ಕೆಟ್ಟಾಗಲೂ ಬಾಯಿತಪ್ಪಿ ಅದನ್ನೇ ಕೇಳಿದೆ. "ಇವತ್ತಿಂದ ನಿಮ್ಮದೇ," ಎಂದು ಹೆಂಡತಿ ರುಬ್ಬಲಿಟ್ಟ ಕಾಯಿತುರಿಯ ಬಟ್ಟಲನ್ನು ನನ್ನ ಕೈಗಿಟ್ಟಳು.