ಎರಡು ಮನೆಯ ಅಕ್ಷರ

ನಾನು ಕಾರ್ಕಳದ ಒಂದು ಸಣ್ಣ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಮನೆ ಕಾಪುವಿನಲ್ಲಿ. ಪಡುಬಿದ್ರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಆ ಬಸ್ಸಿಗೇ ಬೆಳ್ಮಣ್ಣಿನಲ್ಲಿ ನಮ್ಮ ಲ್ಯಾಬಿನ ಅಟೆಂಡರ್ ಹತ್ತುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು.

ಲ್ಯಾಬಿನ ಬಾಗಿಲು ತೆರೆಯುವುದು, ಧೂಳು ಒರೆಸುವುದು, ಕೆಟ್ಟ ಕೀಬೋರ್ಡನ್ನು ಗುರುತು ಹಾಕಿ ಇಡುವುದು ಅವರ ಕೆಲಸ. ಆದರೆ ವಿದ್ಯಾರ್ಥಿಗಳ ಹಿಂದೆ ನಿಂತು ನೋಡಿ ನೋಡಿಯೇ ಅವರು ಲಿನಕ್ಸಿನ ಆದೇಶಗಳನ್ನೆಲ್ಲ ಕಲಿತಿದ್ದರು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ವಾರ ಕಕ್ಕಾಬಿಕ್ಕಿಯಾಗುವುದನ್ನು ಕಂಡು, ಲಾಗಿನ್ ಆಗುವುದು ಹೇಗೆ, ಫೈಲು ಉಳಿಸುವುದು ಹೇಗೆ ಎಂದು ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ನಮ್ಮಲ್ಲಿದ್ದದ್ದು ಹಳೆಯ ಯಂತ್ರಗಳು. ಬಣ್ಣದ ಪರದೆ ತೆರೆಯಲು ಹೊರಟರೆ ಅರ್ಧ ಪೀರಿಯಡ್ ಮುಗಿಯುತ್ತಿತ್ತು. ಹಾಗಾಗಿ ಮಕ್ಕಳು ಬರೀ ಅಕ್ಷರಗಳ ಕಪ್ಪು ಪರದೆಯಲ್ಲೇ ಕೆಲಸ ಮಾಡುತ್ತಿದ್ದರು. ಅಲ್ಲಿ ಅಣ್ಣನ ಕನ್ನಡ ಫೈಲು ತೆರೆದರೆ ಸಾಲು ಸಾಲು ಚೌಕಗಳು ಮಾತ್ರ ಕಾಣುತ್ತಿದ್ದವು.

“ಇದರಲ್ಲಿ ಕನ್ನಡ ಎಂತಕ್ಕೆ ಬರುವುದಿಲ್ಲ ಮೇಡಂ?” ಎಂದು ಒಂದು ದಿನ ಕೇಳಿದರು.

ಕಪ್ಪು ಪರದೆಯನ್ನು ನಡೆಸುವುದು ಕಂಪ್ಯೂಟರಿನ ಒಳತಿರುಳಾದ ಕರ್ನಲ್, ಅದಕ್ಕೆ ಗೊತ್ತಿರುವ ಅಕ್ಷರಗಳು ಕೆಲವೇ ನೂರು ಎಂದೆ. ಕರ್ನಲ್ಲಿನ ಆ ಕೆಲಸವನ್ನು ಹೊರಗಿನಿಂದಲೇ ಮಾಡಬಲ್ಲ ಒಂದು ಟರ್ಮಿನಲ್ ಪ್ರೋಗ್ರಾಂ ಉಂಟು, ಅದು ಮಾಮೂಲಿ ಫಾಂಟುಗಳನ್ನೇ ಬಳಸುತ್ತದೆ, ಆದರೆ ನಮ್ಮ ಯಂತ್ರಗಳಿಗೆ ಸಿದ್ಧ ರೂಪದಲ್ಲಿ ಸಿಗುವುದಿಲ್ಲ, ಅದರ ಮೂಲ ಬರಹವಾದ ಸೋರ್ಸ್ ಕೋಡ್ ತಂದು ನಾವೇ ಕಟ್ಟಿಕೊಳ್ಳಬೇಕು ಎಂದೂ ಹೇಳಿದೆ.

“ಕಟ್ಟುವ ಅಲ್ವಾ?” ಎಂದರು ಅಣ್ಣ.

ಮನೆಯಿಂದ ಪೆನ್ ಡ್ರೈವಿನಲ್ಲಿ ಸೋರ್ಸ್ ತಂದೆ. ಮಧ್ಯಾಹ್ನ ಊಟವಾದ ಮೇಲಿನ ಖಾಲಿ ಪೀರಿಯಡ್‌ಗಳಲ್ಲಿ ಕೂತೆವು. ಪ್ರೋಗ್ರಾಮಿಗೆ ಬೇಕಾದ ಇಂಥ ಲೈಬ್ರರಿ ಫೈಲು ಸಿಗಲಿಲ್ಲ ಎಂದು ಕೆಲಸ ಅರ್ಧದಲ್ಲೇ ನಿಲ್ಲುತ್ತಿತ್ತು. ಅದನ್ನು ಹುಡುಕಿ ಹಾಕಿದರೆ ಇನ್ನೊಂದು ಇಲ್ಲ ಎನ್ನುತ್ತಿತ್ತು. ಅಣ್ಣ ಪ್ರತಿಯೊಂದು ದೋಷವನ್ನೂ ನೋಟ್‌ಪುಸ್ತಕದಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದುಕೊಳ್ಳುತ್ತಿದ್ದರು. ಎರಡು ವಾರ ಹೀಗೇ ಹೋಯಿತು. ಕೊನೆಗೊಂದು ದಿನ ಕಟ್ಟುವ ಕೆಲಸವಾದ ಕಂಪೈಲ್ ಮುಗಿಯಿತು. ನಡೆಸಿದರೆ ಪರದೆ ಪೂರ್ತಿ ಕತ್ತಲಾಗಿ, ಕೀಬೋರ್ಡ್ ಕೂಡ ಸತ್ತಿತು. ಪವರ್ ಗುಂಡಿ ಒತ್ತಿ ಮತ್ತೆ ಶುರುಮಾಡಿ, ಪರದೆಯನ್ನು ವಶಕ್ಕೆ ತೆಗೆದುಕೊಳ್ಳುವ ಅನುಮತಿ ಅದಕ್ಕೆ ಕೊಟ್ಟಿರಲಿಲ್ಲವೆಂದು ತಿಳಿದು, ಕೊಟ್ಟೆವು. ಈ ಸಲ ಕರ್ಸರ್ ಮಿನುಗಿತು. ಅಣ್ಣ ತಮ್ಮ ಫೈಲು ತೆರೆದರು.

ಕನ್ನಡ ಬಂತು. ಆದರೆ ಅರ್ಧ ಮಾತ್ರ. ‘ಮ’, ‘ಯ’, ‘ಣ’ಗಳ ಬಲಭಾಗ ಕತ್ತರಿಸಿ ಹೋಗಿತ್ತು. ಇಂಗ್ಲಿಷ್ ಅಕ್ಷರದಷ್ಟೇ ಅಗಲದ ಚೌಕದಲ್ಲಿ ನಮ್ಮ ಅಕ್ಷರ ಹಿಡಿಸುತ್ತಿರಲಿಲ್ಲ. ನನಗೆ ದಾರಿ ತೋಚಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಒಂದು ವಾರ ಉಡುಪಿಗೆ ಹೋಗಬೇಕಾಯಿತು.

ವಾಪಸು ಬಂದಾಗ ಅಣ್ಣ ನನ್ನನ್ನು ಕರೆದು ಪರದೆಯ ಮುಂದೆ ಕೂರಿಸಿದರು. ಇಡೀ ಪುಟ ಓದಬಹುದಿತ್ತು. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿತ್ತು, ಆದರೆ ಯಾವ ಅಕ್ಷರವೂ ತುಂಡಾಗಿರಲಿಲ್ಲ.

“ಎಂತ ಮಾಡಿದಿರಿ ಅಣ್ಣ?”

“ನಾನು ಮದುವೆಗೆ ಮೊದಲು ಉಡುಪಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ ಮೇಡಂ. ಸೀಸದ ಅಕ್ಷರ. ‘ಮ’ದ ಮೊಳೆ ಅಗಲ, ‘ರ’ದ್ದು ಸಪೂರ. ಅಗಲದ್ದನ್ನು ಸಪೂರದ ಜಾಗದಲ್ಲಿ ತುರುಕಿದರೆ ಸಾಲೇ ಒಡೆಯುತ್ತದೆ. ಇಲ್ಲಿಯೂ ಅದೇ ಅಲ್ವಾ? ಅಗಲಕ್ಕೆ ಇರುವ ಇಂಗ್ಲಿಷ್ ಶಬ್ದವನ್ನು ಕೋಡಿನಲ್ಲೆಲ್ಲ ಹುಡುಕಿದೆ. ಒಂದು ಪಟ್ಟಿ ಸಿಕ್ಕಿತು. ಚೀನದವರ ಅಕ್ಷರಕ್ಕೆ ಎರಡು ಮನೆ ಕೊಟ್ಟಿದ್ದಾರೆ, ನಮಗೆ ಒಂದೇ. ನಾನು ನಮ್ಮದನ್ನೂ ಆ ಪಟ್ಟಿಗೆ ಸೇರಿಸಿ ಪುನಃ ಕಟ್ಟಿದೆ. ತಪ್ಪಿದ್ದರೆ ತೆಗೆಯಬಹುದು.”

ತಪ್ಪಿರಲಿಲ್ಲ. ಒಂದೇ ಸಾಲು. ಆ ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಮುಂದಿನ ತಿಂಗಳು ಮಣಿಪಾಲದಲ್ಲಿ ಕಂಪ್ಯೂಟರ್ ಅಧ್ಯಾಪಕರ ಒಂದು ದಿನದ ಕಾರ್ಯಾಗಾರವಿತ್ತು. ನನಗೂ ಹದಿನೈದು ನಿಮಿಷ ಸಿಕ್ಕಿತು. ಹಳೆಯ ಯಂತ್ರದಲ್ಲೇ ತೋರಿಸಬೇಕೆಂದು ಅಣ್ಣ ಅದನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಕ್ಷರದ ಅಗಲ ಬದಲಿಸಿದ್ದನ್ನು ನಾನು ವಿವರಿಸಿದೆ. ಪರದೆಯಲ್ಲಿ ಕನ್ನಡ ಮೂಡಿದಾಗ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ಕೇಳಿದರು: “ಈ ಅಗಲದ ಉಪಾಯ ನಿಮಗೆ ಹೊಳೆದದ್ದು ಹೇಗೆ?”

ಅಣ್ಣ ಬಾಗಿಲ ಹತ್ತಿರ ವಯರ್ ಸುತ್ತಿ ಹಿಡಿದು ನಿಂತಿದ್ದರು. ಕೈ ತೋರಿಸಿ ‘ಅವರು’ ಎಂದರೆ ಸಾಕಿತ್ತು.

ನಾನು ಹೇಳಿದ್ದು ಇಷ್ಟು: “ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದರಲ್ಲ ಸರ್, ಹಾಗೆ ಯೋಚಿಸಿ ನೋಡಿದೆ. ಅಗಲದ ಮೊಳೆಗೆ ಅಗಲದ ಜಾಗ ಬೇಕಲ್ಲವೇ?”

ಮತ್ತೊಮ್ಮೆ ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ಯಾರೋ ಅಣ್ಣನನ್ನು ಯಾವ ಕಾಲೇಜು ಎಂದು ವಿಚಾರಿಸಿದರು. “ನಾನು ಮೇಡಂ ಜೊತೆ ಸಾಮಾನು ತಂದವನು” ಎಂದದ್ದು ನನಗೆ ಕೇಳಿಸಿತು. ಆಗಲೂ ತಿದ್ದಬಹುದಿತ್ತು. ತಟ್ಟೆ ಹಿಡಿದು ಸಾರಿನ ಕಡೆ ನಡೆದೆ.

ಯಂತ್ರವನ್ನು ಕಾಲೇಜಿಗೆ ಮುಟ್ಟಿಸಲು ಕಾರ್ಕಳಕ್ಕೆ ವಾಪಸು ಬರುವಾಗ ಹಿರಿಯಡ್ಕ ದಾಟಿದ ಮೇಲೆ ಅವರು ಒಂದೇ ಮಾತಾಡಿದರು. “ಮೊಳೆಯ ವಿಷಯ ಚೆನ್ನಾಗಿ ಹೇಳಿದಿರಿ ಮೇಡಂ.” ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಈಗಲೂ ನನಗೆ ಗೊತ್ತಿಲ್ಲ.

ಆಮೇಲೆ ಅವರು ಬೆಳಿಗ್ಗೆ ನನ್ನ ಬಸ್ಸು ಬಿಟ್ಟು ಅದಕ್ಕಿಂತ ಮುಂಚಿನದಕ್ಕೇ ಬರತೊಡಗಿದರು. ಬಾಗಿಲು ತೆರೆಯುತ್ತಿದ್ದರು, ಧೂಳು ಒರೆಸುತ್ತಿದ್ದರು, ಕೇಳಿದ್ದಕ್ಕೆ ನಗುತ್ತಲೇ ಉತ್ತರ ಕೊಡುತ್ತಿದ್ದರು. ಕಂಪ್ಯೂಟರಿನ ಮುಂದೆ ಮಾತ್ರ ಕೂರಲಿಲ್ಲ. ಒಂದು ವರ್ಷ ಕಳೆದು ತಾವಾಗಿಯೇ ಕೇಳಿ ಲೈಬ್ರರಿಗೆ ವರ್ಗ ಮಾಡಿಸಿಕೊಂಡರು. ಕಾರಣ ಕೇಳಿದ ಪ್ರಿನ್ಸಿಪಾಲರಿಗೆ ಮಂಡಿನೋವು ಎಂದರಂತೆ. ಅಲ್ಲಿಂದಲೇ ನಿವೃತ್ತರಾದರು.

ಬೀಳ್ಕೊಡುಗೆಯ ದಿನವೂ ನಾನು ಹೇಳಲಿಲ್ಲ. ಹೇಳಿದ್ದು ಅದಾಗಿ ಎರಡು ತಿಂಗಳ ಮೇಲೆ, ಒಂದು ಭಾನುವಾರ ಅವರ ಮನೆಗೆ ಹೋಗಿ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಅಣ್ಣ ಕೊನೆಯವರೆಗೂ ಕೇಳಿದರು.

“ನನಗೆ ಗೊತ್ತುಂಟು ಮೇಡಂ. ನಾನು ಅಲ್ಲಿಯೇ ಇದ್ದೆನಲ್ಲ. ಇದನ್ನು ನನಗೆ ಹೇಳಿ ಎಂತ ಮಾಡುವುದು? ಅಲ್ಲಿ ಹೇಳಬೇಕಿತ್ತು.”

ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮನೆಗೆ ಬಂದು ಕಾರ್ಯಾಗಾರಕ್ಕೆ ಬಂದಿದ್ದವರ ಪಟ್ಟಿ ಹುಡುಕಿ, ನಡೆದದ್ದನ್ನು ನಡೆದ ಹಾಗೆ ಬರೆದು ಎಲ್ಲರಿಗೂ ಇಮೇಲ್ ಕಳುಹಿಸಿದೆ. ಆ ಒಂದು ಸಾಲನ್ನು ಅಣ್ಣನ ಹೆಸರಿನಲ್ಲಿ ಪ್ರೋಗ್ರಾಂ ಬರೆದವರಿಗೂ ಕಳುಹಿಸಿದೆ. ಒಂದು ಭಾಷೆಗಾಗಿ ಮಾತ್ರ ಹೀಗೆ ಬದಲಿಸಲಾಗದು, ಧನ್ಯವಾದ ಎಂದು ಅವರು ಮರಳಿಸಿದರು. ಇಮೇಲಿಗೆ ಉತ್ತರ ಬರೆದವರು ಇಬ್ಬರು. ಒಬ್ಬರಿಗೆ ಯಾವ ಕಾರ್ಯಾಗಾರವೆಂದೇ ನೆನಪಿರಲಿಲ್ಲ. ಚಪ್ಪಾಳೆ ತಟ್ಟಿದ ಸಭೆ ಈಗ ಎಲ್ಲಿಯೂ ಇರಲಿಲ್ಲ, ಇನ್ನು ಯಾರ ಮುಂದೆ ತಿದ್ದುವುದು?

ಮುಂದಿನ ವಾರ ಹೋಗಿ ಫೋನಿನಲ್ಲಿ ಆ ಇಮೇಲ್ ತೋರಿಸಿದೆ. ಅಣ್ಣ ಕನ್ನಡಕ ಹಾಕಿಕೊಂಡು, ಹಳೆಯ ಪ್ರೆಸ್ಸಿನವರ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು.

“ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಮೇಡಂ” ಎಂದರು. “ಪರವಾಗಿಲ್ಲ, ಹೋಗಲಿ.”