ದೊಡ್ಡವ್ವನ ಅಂಗೈ ಬೆಳಕು

ನನ್ನ ದೊಡ್ಡವ್ವ ಅಕ್ಕನಾಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆಯೆಂದು ಗೊತ್ತಾದದ್ದು ೧೯೯೪ರ ಮೇ ತಿಂಗಳಲ್ಲಿ. ಒಂದು ಕಣ್ಣಿನ ಆಪರೇಶನ್ ಆದದ್ದು ೧೯೯೭ರ ಫೆಬ್ರವರಿಯಲ್ಲಿ. ನಡುವಿನ ಎರಡು ವರ್ಷ ಒಂಬತ್ತು ತಿಂಗಳು ಆಕೆ ಕೊಟ್ಟ ಕಾರಣಗಳನ್ನೆಲ್ಲ ಮನೆಯವರು ನಂಬಿದರು. ಅವು ಸುಳ್ಳೂ ಆಗಿರಲಿಲ್ಲ.

ದೊಡ್ಡಪ್ಪ ಸದಾಶಿವಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಜೊತೆಗೆ ಸಕ್ಕರೆ ಕಾಯಿಲೆ. ಶಿಕಾರಿಪುರದ ಮನೆಯಲ್ಲಿ ಮಗ ಸಿದ್ಧಲಿಂಗೇಶ್ ಕಾಳಿನ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಸೊಸೆ ನೀಲಾಂಬಿಕಳಿಗೆ ಅಡುಗೆ, ಇಬ್ಬರು ಸಣ್ಣ ಮಕ್ಕಳು. ದೊಡ್ಡಪ್ಪನನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ದೊಡ್ಡವ್ವನ ಕೆಲಸ.

"ಆಪರೇಶನ್ ಆದ್ಮ್ಯಾಲೆ ತಿಂಗಳಗಟ್ಲೆ ಬಗ್ಗಬಾರ್ದಂತ. ಇವ್ರನ್ನ ನೆಟ್ಟಗ ನಿಂತ್ಕಂಡು ಎತ್ಲಾ?" ಎನ್ನುತ್ತಿದ್ದಳು.

"ಅತ್ತಿ ಆರಿಸಿದ ಅಕ್ಕಿ ಉಂಡ್ರ ನಾವು ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕಾಕ್ಕತಿ ನೋಡ್ರಿ," ಎಂದು ನೀಲಾಂಬಿಕ ನನಗೆ ದೂರು ಹೇಳುವಳು.

"ನಿನ್ನ ಹಲ್ಲು ಗಟ್ಟಿ ಅದಾವು ಬಿಡು. ನಾಲಿಗಿನೂ ಗಟ್ಟಿ ಐತಿ," ಎಂದು ದೊಡ್ಡವ್ವ ತಿರುಗಿಸಿ ಕೊಡುವಳು.

ನಾನು ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತಿಂಗಳಿಗೆರಡು ಶನಿವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬಂದು ಅವರ ಮನೆಯಲ್ಲಿ ಉಳಿಯುತ್ತಿದ್ದೆ. ೧೯೯೫ರ ಒಂದು ಭಾನುವಾರ ಬೆಳಗ್ಗೆ, ಪೂಜೆ ಮುಗಿಸಿ ಎದ್ದ ದೊಡ್ಡವ್ವ ನಿಜವಾದ ಕಾರಣವನ್ನು ನನಗೊಬ್ಬನಿಗೇ ಹೇಳಿದಳು.

ಆಕೆಗೆ ಲಿಂಗದೀಕ್ಷೆಯಾದದ್ದು ಹನ್ನೊಂದನೇ ವಯಸ್ಸಿನಲ್ಲಿ. ಅಂದಿನಿಂದ ದಿನವೂ ಬೆಳಗ್ಗೆ ಐದಕ್ಕೆ ಸ್ನಾನ ಮಾಡಿ, ವಿಭೂತಿ ಧರಿಸಿ, ದೀಪ ಹಚ್ಚಿಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಅರ್ಧ ಗಂಟೆ ರೆಪ್ಪೆ ಬಡಿಯದೆ ನೋಡುತ್ತ ಕೂರುವಳು. ಲಿಂಗದ ಕಪ್ಪು ಹೊಳಪಿನಲ್ಲಿ ದೀಪ ಒಂದು ಚುಕ್ಕಿಯಾಗಿ ಕಾಣುತ್ತದೆ. ನೋಡುತ್ತ ನೋಡುತ್ತ ಆ ಚುಕ್ಕಿ ಬೆಳಕಾಗಿ ಹರಡುತ್ತದೆ ಎಂದು ದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದರಂತೆ. ಐವತ್ತೆರಡು ವರ್ಷ ಅದು ಚುಕ್ಕಿಯಾಗಿಯೇ ಇತ್ತು.

"ಹ್ವಾದ ವರ್ಷದಿಂದ ಹರಡಾಕತ್ತೇತಿ, ನಾಗರಾಜ. ಅಂಗೈ ತುಂಬ. ಸುತ್ಲೂ ಬಣ್ಣ. ಯಾರ್ಗೂ ಹೇಳ್ಬ್ಯಾಡ ಮತ್ತ. ಕಣ್ಣಿಗೆ ಕತ್ತರಿ ಹಾಕ್ಸಿದ್ರ ಅದು ಉಳಿತತೋ ಇಲ್ಲೋ ಯಾರು ಕಂಡಾರು?"

ಬೆಳಕು ಯಾಕೆ ಹರಡುತ್ತಿದೆಯೆಂದು ನನಗೆ ಗೊತ್ತಿತ್ತು. ಮಂಜಾದ ಮಸೂರ ಬೆಳಕನ್ನು ಚದುರಿಸುತ್ತದೆ. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ, ಹಿಂದೆ ಟಾರ್ಚು ಹಿಡಿದು, ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತಿದ್ದೆ. ಆದರೆ ಆಕೆಯನ್ನು ಯಾರೂ ಕರೆಯದೆ ಇರುತ್ತಿದ್ದುದು ದಿನಕ್ಕೆ ಆ ಅರ್ಧ ಗಂಟೆ ಮಾತ್ರ. ನಾನು ಏನೂ ಹೇಳದೆ ಕಾಫಿ ಕುಡಿದು ಬಸ್ಸಿಗೆ ಹೋದೆ.

ಮರುವರ್ಷ ದೀಪಾವಳಿ ಕಳೆದ ವಾರ ದೊಡ್ಡವ್ವ ದೊಡ್ಡಪ್ಪನ ಕಾಲುಗುರು ತೆಗೆಯಲು ಕೂತಳು. ಬಲಗಾಲಿನ ಹೆಬ್ಬೆರಳಿನ ಉಗುರು ದಪ್ಪ. ಅದರ ಜೊತೆ ಚರ್ಮವೂ ಬ್ಲೇಡಿಗೆ ಸಿಕ್ಕಿತು. ಆ ಕಾಲಿಗೆ ಸ್ಪರ್ಶವಿರಲಿಲ್ಲ, ಹಾಗಾಗಿ ದೊಡ್ಡಪ್ಪ ಕಾಲು ಎಳೆದುಕೊಳ್ಳಲಿಲ್ಲ. ಕೂಗಲು ಮಾತಿರಲಿಲ್ಲ. ಬೆರಳು ಒದ್ದೆಯಾದಾಗ ಆಕೆ ಕಾಲು ತೊಳೆದ ನೀರೆಂದುಕೊಂಡು, ಉಳಿದ ನಾಲ್ಕೂ ಉಗುರು ತೆಗೆದು, ಚೂರುಗಳನ್ನು ಕಾಗದದಲ್ಲಿ ಕಟ್ಟಿ ಎದ್ದಳು. ಹಾಸಿಗೆಯ ರಕ್ತ ನೋಡಿದವಳು ನೀಲಾಂಬಿಕ.

ಗಾಯ ಆರಲು ಎಪ್ಪತ್ತೆರಡು ದಿನ ಹಿಡಿಯಿತು. ದಿನಕ್ಕೆರಡು ಸಲ ಡ್ರೆಸಿಂಗ್. ದೊಡ್ಡವ್ವ ಪಕ್ಕದಲ್ಲಿ ಕೂತು ಹತ್ತಿಯ ಉಂಡೆ ಎತ್ತಿಕೊಡುವಳು. ಕಟ್ಟುವವಳು ಸೊಸೆ. ಆ ದಿನಗಳಲ್ಲಿ ಆಕೆ ಅಕ್ಕಿ ಆರಿಸುವುದನ್ನೂ ಬಿಟ್ಟಳು. ಯಾರಾದರೂ ಕರೆದರೆ ಏಳುವ ಮುಂಚೆ ಒಮ್ಮೆ ಉಸಿರು ಬಿಟ್ಟು ಗೋಡೆಗೆ ಕೈಯೂರುವಳು.

"ಉಗುರು ತೆಗೆಯಾಗ ಇವ್ರು ನನ್ನ ಮಾರಿನೇ ನೋಡ್ತಿದ್ರೇನೋ," ಎಂದು ಒಮ್ಮೆ ನನ್ನ ಹತ್ತಿರ ಅಂದಳು. "ನಂಗ ಅದೂ ಕಾಣ್ಲಿಲ್ಲ."

ಜನವರಿಯಲ್ಲಿ ತಾನೇ ಹೇಳಿಕಳಿಸಿದಳು. ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೆದು. ಪರೀಕ್ಷೆ ಮುಗಿಸಿ ಕೇಳಿದರು:

"ದೀಪ ನೋಡಿದ್ರೆ ಸುತ್ತ ಬೆಳಕು ಹರಡಿದ ಹಾಗೆ, ಬಣ್ಣ ಬಣ್ಣವಾಗಿ ಕಾಣುತ್ತೇನಮ್ಮಾ?"

ದೊಡ್ಡವ್ವ ಸೆರಗಿನ ಮೇಲಿಂದಲೇ ಕೊರಳ ಲಿಂಗ ಮುಟ್ಟಿಕೊಂಡಳು. "ಎಲ್ಲಾರ್ಗೂ ಹಂಗ ಕಾಣ್ತತೇನ್ರಿ?" ಎಂದಳು.

"ಪೊರೆ ಇದ್ದೋರಲ್ಲಿ ತುಂಬ ಜನಕ್ಕೆ. ಹೆದರಬೇಡಿ, ಆಪರೇಶನ್ ಆದ್ರೆ ಹೋಗುತ್ತೆ."

ವಾಪಸು ಬರುವಾಗ ಕತ್ತಲಾಗುತ್ತಿತ್ತು. ಎರಡು ವರ್ಷದಿಂದ ಆಕೆ ಸಂಜೆ ಹೊರಗೆ ಹೋಗಿರಲಿಲ್ಲ. ಮನೆಯ ದೀಪಗಳೂ ಹಾಗೇ ಕಂಡಿರಬೇಕು, ಆದರೆ ಅವನ್ನು ಯಾರು ಕೂತು ನೋಡುತ್ತಾರೆ? ಬಸ್ಸಿನ ಕಿಟಕಿಯಿಂದ ಆಕೆ ಎದುರು ಬರುವ ಲಾರಿಗಳ ದೀಪ ನೋಡಿದಳು. ಆಮೇಲೆ ಪೆಟ್ರೋಲ್ ಬಂಕಿನದು. ಆಮೇಲೆ ಒಂದು ಚಹಾದಂಗಡಿಯದು.

"ಬಂಕಿನ ಬಲ್ಬಿಗೂ ಹಂಗ ಐತಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನಿಂಗ ಗೊತ್ತಿತ್ತು?"

"ಗೊತ್ತಿತ್ತು, ದೊಡ್ಡವ್ವ."

"ಅವತ್ತೇ?"

"ಹೂಂ."

ನಾನು ಬೈಗುಳಕ್ಕೆ ಕಾದೆ. ಆಕೆ ಸೆರಗು ಸರಿಮಾಡಿಕೊಂಡು ಸೀಟಿಗೆ ಒರಗಿದಳು. "ಇರ್ಲಿ ಬಿಡು. ಹೇಳಿದ್ರ ನಿನ್ನ ಮ್ಯಾಲೆ ಸಿಟ್ಟಾಗ್ತಿದ್ದೆ. ಸಿಟ್ಟಾಗಾಕೂ ತ್ರಾಣ ಬೇಕಲ್ಲಪ," ಎಂದಳು. ಊರು ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದಳು. ಇಳಿಯುವಾಗ ಮಾತ್ರ, "ಇವ್ರ ಗಾಯ ಆರಿದ ವಾರನ ಆಗ್ಲಿ," ಎಂದು ದಿನ ಗೊತ್ತುಮಾಡಿದಳು.

ಬಲಗಣ್ಣಿನ ಆಪರೇಶನ್ ಆಯಿತು. ಕೊರಳಿನದೆಲ್ಲ ತೆಗೆಯಬೇಕೆಂದು ನರ್ಸ್ ಹಟ ಹಿಡಿದಾಗ, "ಲಿಂಗ ತೆಗಿಯೂದಾದ್ರ ಪೊರೆ ಅಲ್ಲೇ ಇರ್ಲವ್ವ," ಎಂದು ದೊಡ್ಡವ್ವ ಮೇಜಿನಿಂದ ಇಳಿದೇ ಬಿಟ್ಟಿದ್ದಳಂತೆ. ಕೊನೆಗೆ ಡಾಕ್ಟರೇ ಬಂದು, ಅದರ ಮೇಲೆ ಬಟ್ಟೆ ಸುತ್ತಿಸಿ ಒಪ್ಪಿಕೊಂಡರು. ಆ ತಿಂಗಳು ಸಿದ್ಧಲಿಂಗೇಶ್ ಅಂಗಡಿಯನ್ನು ಹತ್ತಕ್ಕೆ ತೆರೆದ. ತಂದೆಯನ್ನು ಎತ್ತುವುದು, ತೊಳೆಯುವುದು ಕಲಿತ.

ಮೂರನೇ ವಾರ ನಾನು ಹೋದಾಗ ದೊಡ್ಡವ್ವ ಪೂಜೆ ಮುಗಿಸಿ ಕೂತಿದ್ದಳು. ಕೇಳಲೋ ಬೇಡವೋ ಎಂದು ನಿಂತೆ. ಆಕೆಯೇ ಹೇಳಿದಳು.

"ಚುಕ್ಕಿ. ಮೊದ್ಲಿನಂಗ." ಆಮೇಲೆ ಎಡಗಣ್ಣು ತೋರಿಸಿ, "ಮನ್ನೆ ಬಲಗಣ್ಣಿಗೆ ಕೈ ಅಡ್ಡ ಹಿಡಿದು, ಇದ್ರಾಗ ನೋಡ್ದೆ. ಐತಿ ಇನ್ನೂ, ಅಂಗೈ ತುಂಬ."

"ಹಂಗಾದ್ರ ಅದು ಹಂಗೇ ಇರ್ಲಿ, ದೊಡ್ಡವ್ವ."

"ಒಂದು ಕೈಯಾಗ ಲಿಂಗ, ಒಂದು ಕೈಯಾಗ ಕಣ್ಣು. ಅದೆಂಥಾ ಪೂಜಿ? ಎರಡು ನಿಮಿಷಕ್ಕ ರಟ್ಟಿ ನೋಯ್ತು, ಬಿಟ್ಟೆ."

ಒಳಗಿನಿಂದ ದೊಡ್ಡಪ್ಪನ ಗಂಟಲ ಸದ್ದು ಬಂತು. ಆಕೆ ಗೋಡೆಗೆ ಕೈಯೂರಿ ಎದ್ದಳು.

"ಶಿವಮೊಗ್ಗಕ್ಕ ಹ್ವಾದಾಗ ಇದ್ರದೂ ತಾರೀಖು ಕೇಳ್ಕಂಡು ಬಾ," ಎಂದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. "ಅವಸರ ಏನಿಲ್ಲ ಅಂತ್ಲೂ ಹೇಳು."